ಕತ್ತಿಯ ಬಾಯಿಯೋ, ಬೆನ್ನೋ? ಹಲ್ಲೆ ಕೇಸಿನಲ್ಲಿ ಉದ್ದೇಶವನ್ನು ಅಳೆಯುವುದು ಹೇಗೆ

ಊರಲ್ಲಿ ಒಂದು ಹೊಡೆದಾಟ ಆಯ್ತು ಅಂದರೆ ಮಾರನೇ ದಿನ ಬೆಳಿಗ್ಗೆ ಚಾ ಅಂಗಡಿಯಲ್ಲೇ ತೀರ್ಪು ಸಿದ್ಧ ಇರುತ್ತದೆ. ಒಂದಲ್ಲ, ಎರಡು. "ಇದು ಹಾಫ್ ಮರ್ಡರ್ ಕೇಸು, ಹತ್ತು ವರ್ಷ ಒಳಗೆ ಹಾಕಬೇಕು" ಅಂತ ಒಂದು ಕಡೆಯವರು. "ಎಂತ ಮಾರಾಯ, ಸಿಟ್ಟಲ್ಲಿ ಒಂದು ಏಟು ಬಿತ್ತು. ಕೊಲ್ಲಲಿಕ್ಕೆ ಹೋದವನಾ ಅವ?" ಅಂತ ಇನ್ನೊಂದು ಕಡೆಯವರು. ಇಬ್ಬರೂ ಗಾಯ ಎಂಥದ್ದು ಅಂತ ಡಾಕ್ಟರು ಬರೆದ ವೂಂಡ್ ಸರ್ಟಿಫಿಕೇಟ್ ನೋಡಿರುವುದಿಲ್ಲ. ಆದರೂ ಇಬ್ಬರಿಗೂ ಹೊಡೆದವನ ಮನಸ್ಸಿನಲ್ಲಿ ಏನಿತ್ತು ಅಂತ ಚೆನ್ನಾಗಿ ಗೊತ್ತು!

ವಿಷಯ ಬಿಡಿಸಿ ನೋಡಲು ಒಂದು ಪ್ರಕರಣ ಬೇಕು. ನಿಜವಾದದ್ದು ಬೇಡ, ಕಲ್ಪನೆಯದೇ ಇರಲಿ. ಶಿರಸಿ ಹತ್ತಿರದ ಒಂದು ಹಳ್ಳಿ. ಅಕ್ಕಪಕ್ಕದಲ್ಲಿ ಎರಡು ಅಡಿಕೆ ತೋಟ, ನಡುವೆ ಅಗಳ, ಅಂದರೆ ನೀರು ಹರಿಯುವ ಕಂದಕ. ಜೂನ್ ಮಳೆಗೆ ಅಗಳ ಕಟ್ಟಿಕೊಂಡು ನೀರು ಕೆಳಗಿನ ತೋಟಕ್ಕೆ ನುಗ್ಗಿದೆ. ಕೆಳಗಿನವನು ಗುದ್ದಲಿ ಹಿಡಿದು ನೀರು ತಿರುಗಿಸಲು ಹೋಗಿದ್ದಾನೆ. ಮೇಲಿನ ತೋಟದವನು ಬಂದು ತಡೆದಿದ್ದಾನೆ. ಮಾತಿಗೆ ಮಾತು ಬೆಳೆದಿದೆ. ಕೊನೆಗೆ ಮೇಲಿನವನು ಸೊಂಟದ ಕೊಕ್ಕೆಯಿಂದ ಕತ್ತಿ ಎಳೆದು ಬೀಸಿದ್ದಾನೆ. ಕೆಳಗಿನವನ ಭುಜದ ಎಲುಬು ಮುರಿದಿದೆ. ಇವನಿಗೆ ಸ್ವಂತ ತೋಟ ಇರುವುದು ಚೂರೇ ಚೂರು. ಹೊಟ್ಟೆಪಾಡು ನಡೆಯುವುದು ಕೊನೆಗೌಡನ ಕೆಲಸದಿಂದ, ಊರವರ ಮರ ಹತ್ತಿ ಕೊಳೆಮದ್ದು ಹೊಡೆದು, ಕೊನೆ ಕೊಯ್ದು. ಈಗ ಮಳೆಗಾಲ ಪೂರ್ತಿ ಮರ ಹತ್ತುವ ಹಾಗಿಲ್ಲ.

ಇದೇ ಕಥೆಯನ್ನು ಕಾರವಾರದ ಬೈತಖೋಲ ಬಂದರಿನಲ್ಲೋ ತದಡಿಯಲ್ಲೋ ಕೂಡ ಕಟ್ಟಬಹುದು. ಅಗಳದ ಬದಲು ಬಲೆ ಬಿಡುವ ಜಾಗ, ಕತ್ತಿಯ ಬದಲು ದೋಣಿಯ ಹುಟ್ಟು. ಕಾನೂನಿನ ಪ್ರಶ್ನೆ ಬದಲಾಗುವುದಿಲ್ಲ.

ಚಾ ಅಂಗಡಿಯ ವಾದದಲ್ಲಿ ಮೂರು ಪ್ರಶ್ನೆ ಕಲಸಿಹೋಗಿರುತ್ತವೆ. ಪೆಟ್ಟು ಎಷ್ಟಾಯಿತು? ಹೊಡೆದವನ ಉದ್ದೇಶ ಏನಿತ್ತು? ಎಷ್ಟು ಶಿಕ್ಷೆಯಾದರೆ ಸರಿ? ಜನ ಮೂರಕ್ಕೂ ಸೇರಿಸಿ ಒಂದೇ ಉತ್ತರ ಕೊಡುತ್ತಾರೆ. ಕೋರ್ಟ್ ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳುತ್ತದೆ, ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಹಾಗೇ ಹಚ್ಚುವುದಿಲ್ಲ.

ಪೆಟ್ಟಿನ ಲೆಕ್ಕ

2024ರ ಜುಲೈ 1ರಿಂದ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸೆಕ್ಷನ್ ನಂಬರುಗಳು ಬದಲಾದವು, ತಿರುಳು ಹೆಚ್ಚು ಬದಲಾಗಲಿಲ್ಲ. ಪೆಟ್ಟಿನಲ್ಲಿ ಎರಡು ಬಗೆ: ಸಾದಾ ಗಾಯ, ತೀವ್ರ ಗಾಯ. ಪೊಲೀಸರೂ ಡಾಕ್ಟರೂ ಆಡುವ ಮಾತಲ್ಲಿ ಸಿಂಪಲ್, ಗ್ರೀವಿಯಸ್.

ಸಾದಾ ಗಾಯಕ್ಕೆ 115ನೇ ಸೆಕ್ಷನ್. ಹೆಚ್ಚೆಂದರೆ 1 ವರ್ಷ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಅಸಂಜ್ಞೇಯ (ನಾನ್ ಕಾಗ್ನಿಜೆಬಲ್, ಎನ್‌ಸಿ) ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವಂತಿಲ್ಲ. ಠಾಣೆಗೆ ಹೋದವರು "ಬರೀ ಎನ್‌ಸಿ ಮಾಡಿ ಕಳಿಸಿದ್ರು" ಅಂತ ಬೇಜಾರು ಮಾಡಿಕೊಂಡು ಬರುತ್ತಾರಲ್ಲ, ಹೆಚ್ಚಿನ ಸಲ ಕಾರಣ ಇದೇ.

ತೀವ್ರ ಗಾಯ ಯಾವುದು ಅಂತ 116ನೇ ಸೆಕ್ಷನ್ ಪಟ್ಟಿಯನ್ನೇ ಕೊಟ್ಟಿದೆ. ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದು, ಅಂಗ ಅಥವಾ ಕೀಲು ಕೆಲಸಕ್ಕೆ ಬಾರದಂತಾಗುವುದು, ಮುಖ ವಿಕಾರವಾಗುವುದು, ಜೀವಕ್ಕೆ ಅಪಾಯ ತರುವ ಗಾಯ, ಹೀಗೆ. ಎಲುಬು ಅಥವಾ ಹಲ್ಲು ಮುರಿದರೂ ಅದು ತೀವ್ರ ಗಾಯವೇ. 15 ದಿನ ತೀವ್ರ ನೋವು ತಿಂದರೆ, ಅಥವಾ ಅಷ್ಟು ದಿನ ಮಾಮೂಲಿ ಕೆಲಸ ಮಾಡಲು ಆಗದಿದ್ದರೆ ಅದೂ ಸೇರುತ್ತದೆ. ಐಪಿಸಿಯಲ್ಲಿ ಇದು 20 ದಿನ ಇತ್ತು.

ಇಲ್ಲಿ ಒಂದು ವಿಚಿತ್ರ ಇದೆ. ಕೆನ್ನೆಗೆ ಬಾರಿಸಿದಾಗ ಒಂದು ಹಲ್ಲು ಮುರಿದರೆ ಪಟ್ಟಿಯ ಪ್ರಕಾರ ತೀವ್ರ ಗಾಯ. ತೊಡೆಗೆ ಉದ್ದಕ್ಕೆ ಸೀಳು ಬಿದ್ದು ಹೊಲಿಗೆ ಹಾಕಿಸಿಕೊಂಡು, ಎಲುಬಿಗೆ ಏನೂ ಆಗದೆ ವಾರದಲ್ಲಿ ಓಡಾಡುವಂತಾದರೆ ಅದು ಸಾದಾ ಗಾಯ ಅನ್ನಿಸಿಕೊಳ್ಳಬಹುದು. ರಕ್ತ ಎಷ್ಟು ಹರಿಯಿತು ಅನ್ನುವುದು ಲೆಕ್ಕಕ್ಕೇ ಇಲ್ಲ. ಮೊಬೈಲಿನಲ್ಲಿ ಹರಿದಾಡುವ ಫೋಟೋ ನೋಡಿ ಕೇಸಿನ ತೂಕ ಹೇಳುವವರು ಎಡವುವುದು ಇಲ್ಲೇ.

ಎಲುಬು ಮುರಿದಿದೆ ಅಂದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಹೊಡೆದವನಿಗೆ ತೀವ್ರ ಗಾಯ ಮಾಡುವ ಉದ್ದೇಶ ಇತ್ತು, ಅಥವಾ ಹಾಗಾದೀತು ಅಂತ ಗೊತ್ತಿತ್ತು ಅನ್ನುವುದನ್ನೂ 117ನೇ ಸೆಕ್ಷನ್ ಕೇಳುತ್ತದೆ. ಜಗಳದಲ್ಲಿ ನೂಕಿದೆ, ಅವನು ಚಿರೇಕಲ್ಲಿನ ಮೇಲೆ ಬಿದ್ದ, ಮಣಿಕಟ್ಟು ಮುರಿಯಿತು ಅಂದುಕೊಳ್ಳಿ. ಗಾಯ ತೀವ್ರ, ಆದರೆ ನೂಕಿದವನು ಅದನ್ನು ಬಯಸಿದ್ದನಾ? ವಕೀಲರು ದಿನಗಟ್ಟಲೆ ಕಚ್ಚಾಡುವುದು ಇಂಥ ಜಾಗದಲ್ಲಿ.

ಒಂದೇ ಏಟಿಗೆ ಎಷ್ಟು ಬಾಗಿಲು

ಈಗ ನಮ್ಮ ಅಗಳದ ಜಗಳಕ್ಕೆ ಬರೋಣ. ಬಿದ್ದದ್ದು ಒಂದೇ ಏಟು. ಬರೀ ತೀವ್ರ ಗಾಯ ಅಂತಾದರೆ 7 ವರ್ಷದವರೆಗೆ ಜೈಲು ಮತ್ತು ದಂಡ. ಕತ್ತಿಯಂಥ ಆಯುಧದಿಂದ ಮಾಡಿದ ತೀವ್ರ ಗಾಯ ಅಂತಾದರೆ 118ನೇ ಸೆಕ್ಷನ್ ಬರುತ್ತದೆ. ಅಲ್ಲಿ ಕಡಿಮೆ ಅಂದರೂ 1 ವರ್ಷ, ಜಾಸ್ತಿ ಅಂದರೆ 10 ವರ್ಷ ಅಥವಾ ಜೀವಾವಧಿ. ಕೊಲೆ ಯತ್ನ ಅಂತಾದರೆ 109, ಅಂದರೆ ಹಳೆಯ 307, ಜನರ ಬಾಯಲ್ಲಿ ಹಾಫ್ ಮರ್ಡರ್. 10 ವರ್ಷದವರೆಗೆ ಜೈಲು, ಗಾಯವೂ ಆಗಿದ್ದರೆ ಜೀವಾವಧಿವರೆಗೂ ಹೋಗಬಹುದು. ಇನ್ನೊಂದು ತುದಿಯಲ್ಲಿ 122 ಇದೆ. ದಿಢೀರನೆ, ತೀವ್ರವಾಗಿ ಕೆರಳಿಸಿದ್ದಕ್ಕೆ ಹೊಡೆದದ್ದು ಅಂತ ಸಾಬೀತಾದರೆ ತೀವ್ರ ಗಾಯಕ್ಕೂ 5 ವರ್ಷದ ಒಳಗೆ, ಅಥವಾ ಬರೀ ದಂಡ.

ಅದೇ ಕೈ, ಅದೇ ಕತ್ತಿ, ಅದೇ ಮುರಿದ ಎಲುಬು. ದಂಡದಿಂದ ಹಿಡಿದು ಜೀವಾವಧಿಯವರೆಗೆ. ವ್ಯತ್ಯಾಸ ಬರುವುದು ಬಹುಪಾಲು ಉದ್ದೇಶದಿಂದ. ಹಾಗಾಗಿ ಜನ ಉದ್ದೇಶದ ಬಗ್ಗೆ ಜಗಳ ಆಡುವುದು ಸುಮ್ನೆ ಅಲ್ಲ. ಆದರೆ ಜಗಳಕ್ಕೆ ಆಧಾರ ಏನು ಅನ್ನುವುದು ಬೇರೆ ಮಾತು.

ಮನಸ್ಸು ಕಾಣುವುದಿಲ್ಲ, ಗುರುತು ಕಾಣುತ್ತದೆ

"ನನಗೆ ಕೊಲ್ಲುವ ಉದ್ದೇಶ ಇರಲಿಲ್ಲ" ಅಂತ ಆರೋಪಿ ಹೇಳುತ್ತಾನೆ. ಹೇಳದೆ ಇನ್ನೇನು ಮಾಡುತ್ತಾನೆ? ಕೋರ್ಟಿಗೆ ಆ ಮಾತಿಗಿಂತ ಅವನು ಬಿಟ್ಟುಹೋದ ಗುರುತುಗಳು ಮುಖ್ಯ. ಯಾವ ಆಯುಧ, ಎಲ್ಲಿಂದ ಬಂತು, ದೇಹದ ಯಾವ ಭಾಗಕ್ಕೆ ಗುರಿ, ಎಷ್ಟು ಏಟು, ಎಷ್ಟು ಜೋರು, ತಾನೇ ನಿಲ್ಲಿಸಿದನೋ ಬೇರೆಯವರು ಹಿಡಿದು ನಿಲ್ಲಿಸಿದರೋ, ಮೊದಲಿಂದ ದ್ವೇಷ ಇತ್ತೋ, ಹೊಡೆದ ಮೇಲೆ ಏನು ಮಾಡಿದ.

ಕತ್ತಿಯನ್ನೇ ಹತ್ತಿರದಿಂದ ನೋಡೋಣ. ಬೆಂಗಳೂರಿನಲ್ಲಿ ಒಬ್ಬ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ರಸ್ತೆಗೆ ಬಂದರೆ ಅದೇ ಒಂದು ಸಾಕ್ಷಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದಲ್ಲಿ ಕೊಕ್ಕೆಯಲ್ಲಿ ಕತ್ತಿ ಇಲ್ಲದಿದ್ದರೇ ಆಶ್ಚರ್ಯ. ಬಾಳೆಲೆ ಕೊಯ್ಯಲು, ಬೇಲಿ ಸವರಲು, ಬಿದ್ದ ಸೋಗೆ ಕಡಿಯಲು ಅದು ಬೇಕೇ ಬೇಕು. ಅವನ ಹತ್ತಿರ ಕತ್ತಿ ಇತ್ತು ಅನ್ನುವುದು ಇಲ್ಲಿ ಏನನ್ನೂ ಹೇಳುವುದಿಲ್ಲ. ಅವನು ಜಗಳ ಬಿಟ್ಟು ಮನೆಗೆ ಹೋಗಿ, ಕತ್ತಿ ತೆಗೆದುಕೊಂಡು ಮತ್ತೆ ಅಗಳಕ್ಕೆ ಬಂದಿದ್ದರೆ ಅದು ತುಂಬಾ ಹೇಳುತ್ತದೆ. ಆ ನಾಲ್ಕು ಹೆಜ್ಜೆಯಲ್ಲಿ ಯೋಚನೆ ಮಾಡಲು ಸಮಯ ಸಿಕ್ಕಿತ್ತು. ಮೀನಿನ ಬೋಟಿನ ಚಾಕುವಿಗೂ ಇದೇ ಮಾತು.

ಇನ್ನು ತಾಗಿದ್ದು ಯಾವ ಬದಿ? ಕತ್ತಿಯ ಬಾಯಿ ತಾಗಿದರೆ ಅಂಚು ನೀಟಾಗಿರುವ ಕಡಿದ ಗಾಯ ಆಗುತ್ತದೆ. ದಪ್ಪ ಬೆನ್ನು ತಾಗಿದರೆ ಚರ್ಮ ಜಜ್ಜಿರುತ್ತದೆ, ಊತ ಇರುತ್ತದೆ, ಒಳಗೆ ಎಲುಬು ಮುರಿದಿರುತ್ತದೆ. ಡಾಕ್ಟರು ಆಸ್ಪತ್ರೆಯಲ್ಲಿ ಮೊದಲ ಸಲ ನೋಡಿ ಬರೆಯುವ ನಾಲ್ಕು ಸಾಲಿನಲ್ಲಿ ಈ ವ್ಯತ್ಯಾಸ ಇರುತ್ತದೆ. ಕೈಯಲ್ಲಿ ಹರಿತ ಕತ್ತಿ ಇದ್ದೂ ಬೆನ್ನಿನಿಂದ ಹೊಡೆದ ಅಂದರೆ, ಕೊಲ್ಲಬೇಕು ಅಂತಿದ್ದವನು ಹಾಗೆ ಮಾಡುತ್ತಾನಾ ಅನ್ನುವ ವಾದಕ್ಕೆ ಬಲ ಬರುತ್ತದೆ. ನನ್ನ ಪ್ರಕಾರ ನಮ್ಮ ಪ್ರಕರಣದಲ್ಲಿ ಊರವರ ಹತ್ತು ಹೇಳಿಕೆಗಿಂತ ಈ ನಾಲ್ಕು ಸಾಲಿಗೆ ತೂಕ ಜಾಸ್ತಿ.

ಆದರೆ ಅಷ್ಟಕ್ಕೇ ನಿಲ್ಲುವಂತಿಲ್ಲ. ಏಟು ಭುಜಕ್ಕೆ ಬಿತ್ತು, ಗುರಿ ಎಲ್ಲಿಗಿತ್ತು? ಕುತ್ತಿಗೆಗೆ ಬೀಸಿದ್ದ, ಇವನು ತಪ್ಪಿಸಿಕೊಂಡಿದ್ದಕ್ಕೆ ಭುಜಕ್ಕೆ ತಾಗಿತು ಅಂತ ಸಾಕ್ಷಿ ಹೇಳಿದರೆ? ಕೊಲೆ ಯತ್ನಕ್ಕೆ ದೊಡ್ಡ ಗಾಯ ಆಗಲೇಬೇಕು ಅಂತಿಲ್ಲ. ಬಲರಾಮ್ ಬಾಮಾ ಪಾಟೀಲ್ ಪ್ರಕರಣದಲ್ಲಿ 1983ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಸಾವು ತರುವಂಥ ಗಾಯ ಆಗಿರಬೇಕಿಲ್ಲ, ಆ ಉದ್ದೇಶದಿಂದ ಮಾಡಿದ ಕೃತ್ಯ ಇದ್ದರೆ ಸಾಕು. ಗುಂಡು ಗುರಿ ತಪ್ಪಿ ಯಾರಿಗೂ ತಾಗದಿದ್ದರೂ ಕೊಲೆ ಯತ್ನವೇ. ಹಾಗಾಗಿ "ಎಲುಬು ಮುರಿದಿದ್ದಷ್ಟೇ ಅಲ್ವಾ, ಹಾಫ್ ಮರ್ಡರ್ ಹೇಗಾಗುತ್ತದೆ?" ಅನ್ನುವ ಪ್ರಶ್ನೆಯೂ ಪೂರ್ತಿ ಸರಿ ಅಲ್ಲ. "ಕತ್ತಿ ಬೀಸಿದ ಅಂದಮೇಲೆ ಹಾಫ್ ಮರ್ಡರೇ" ಅನ್ನುವುದೂ ಸರಿ ಅಲ್ಲ.

ಬಾಯಿಮಾತಿನ ಬೆಲೆ ಎಷ್ಟು? "ಕಡಿದು ಹಾಕ್ತೆ", "ಇವತ್ತು ಮುಗಿಸಿಯೇ ಬಿಡ್ತೆ" ಅಂತ ಕೂಗಿದ್ದ ಅಂತ ದೂರಿನಲ್ಲಿ ಬರದೇ ಇರುವುದು ಕಡಿಮೆ. ಬೇಲಿ ಜಗಳದಲ್ಲಿ ಈ ಮಾತು ಆಡದವರು ಯಾರು? ಮಾತನ್ನು ಕೃತ್ಯದ ಜೊತೆ ಇಟ್ಟು ನೋಡಬೇಕು. ಕೂಗಿದ, ಒಂದು ಏಟು ಹೊಡೆದ, ಇವನು ಕೆಳಗೆ ಬಿದ್ದ ಮೇಲೆ ಯಾರೂ ಹಿಡಿಯದಿದ್ದರೂ ಕತ್ತಿ ಕೆಳಗಿಟ್ಟ. ಇದು ಒಂದು ಚಿತ್ರ. ಕೂಗಿದ, ಹೊಡೆದ, ಬಿದ್ದವನ ಮೇಲೆ ಮತ್ತೆ ಕತ್ತಿ ಎತ್ತಿದಾಗ ಮೂರು ಜನ ಸೇರಿ ಹಿಡಿದುಕೊಂಡರು. ಇದು ಬೇರೆಯೇ ಚಿತ್ರ.

ಒಂದೇ ಏಟು ಅನ್ನುವುದು ರಕ್ಷಣೆಯಾ?

ಪೂರ್ತಿಯಾಗಿ ಅಲ್ಲ. 1958ರ ವಿರ್ಸಾ ಸಿಂಗ್ ಪ್ರಕರಣ ಕಾನೂನು ಓದಿದ ಎಲ್ಲರಿಗೂ ಗೊತ್ತು. ಈಟಿಯಿಂದ ಹೊಟ್ಟೆಗೆ ಒಂದೇ ಒಂದು ತಿವಿತ, ಮನುಷ್ಯ ಸತ್ತ. ಕೊಲ್ಲುವ ಉದ್ದೇಶ ಇರಲಿಲ್ಲ ಅನ್ನುವ ವಾದವನ್ನು ನ್ಯಾಯಮೂರ್ತಿ ವಿವಿಯನ್ ಬೋಸ್ ಒಪ್ಪಲಿಲ್ಲ. ಆ ಗಾಯವನ್ನೇ ಮಾಡಬೇಕು ಅಂತ ಮಾಡಿದ್ದರೆ, ಅದು ಆಕಸ್ಮಿಕ ಅಲ್ಲದಿದ್ದರೆ, ಮತ್ತು ಅಂಥ ಗಾಯದಿಂದ ಸಾಮಾನ್ಯವಾಗಿ ಸಾವು ಬರುವುದಾದರೆ, ಅದು ಕೊಲೆಯೇ. ಸಾಯಲಿ ಅಂತ ಅವನು ಬಯಸಿದ್ದನಾ ಅಂತ ಬೇರೆಯಾಗಿ ಕೇಳಬೇಕಿಲ್ಲ.

ಇದರ ಪಕ್ಕದಲ್ಲಿ 2013ರ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣ ಇಡಿ. ಮಹಾರಾಷ್ಟ್ರದ ಹೊಲವೊಂದರ ಹತ್ತಿರ ರಾತ್ರಿ ಹಾದು ಹೋಗುತ್ತಿದ್ದವರನ್ನು ಕಂಡು ನಾಯಿ ಬೊಗಳಿತು. ಒಬ್ಬ ಕಬ್ಬಿಣದ ಪೈಪಿನಿಂದ ನಾಯಿಗೆ ಹೊಡೆದ. ಹೊಲ ಕಾಯುತ್ತಿದ್ದವನು ಯಾಕೆ ಹೊಡೆದೆ ಅಂತ ಕೇಳಿದ. ಜಗಳವಾಯಿತು, ಪೈಪಿನ ಒಂದು ಏಟು ತಲೆಗೆ ಬಿತ್ತು, ಅವನು ಸತ್ತ. ಇಲ್ಲಿ ಸುಪ್ರೀಂ ಕೋರ್ಟ್ ಕೊಲೆಯ ಶಿಕ್ಷೆಯನ್ನು ತೆಗೆದು, ಕೊಲೆ ಎನಿಸದ ನರಹತ್ಯೆ ಅಂತ ಬದಲಿಸಿ 5 ವರ್ಷ ಕೊಟ್ಟಿತು. ಹಳೆಯ ದ್ವೇಷ ಇರಲಿಲ್ಲ, ಜಗಳ ಹುಟ್ಟಿದ್ದೇ ನಾಯಿಯಿಂದ, ಆ ಕ್ಷಣದ ಸಿಟ್ಟಿನಲ್ಲಿ ಬಿದ್ದದ್ದು ಒಂದೇ ಏಟು. ತಲೆಗೆ ಪೈಪಿನಿಂದ ಹೊಡೆದರೆ ಸಾಯಬಹುದು ಅಂತ ತಿಳಿದಿರಲೇಬೇಕು, ಆದರೆ ಸಾಯಿಸಲೆಂದೇ ಹೊಡೆದದ್ದಲ್ಲ. ಕಾನೂನು ಈ ಎರಡರ ನಡುವೆ ಗೆರೆ ಎಳೆಯುತ್ತದೆ, ಶಿಕ್ಷೆಯಲ್ಲಿ ವರ್ಷಗಟ್ಟಲೆ ವ್ಯತ್ಯಾಸ ತರುವುದು ಈ ಗೆರೆಯೇ.

ಕುಡಿದಿದ್ದ ಅನ್ನುವ ನೆಪ? ಗೋವಾ ಗಡಿ ಪಕ್ಕದ ಕಾರವಾರದಲ್ಲಿ ಈ ಪ್ರಶ್ನೆಗೆ ಉತ್ತರ ಬೇಕೇ ಬೇಕು! ತಾನಾಗಿ ಕುಡಿದವನಿಗೆ, ಕುಡಿಯದಿದ್ದರೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟು ಇತ್ತು ಅಂತಲೇ ಕಾನೂನು ಲೆಕ್ಕ ಹಾಕುತ್ತದೆ. ಬಾಸದೇವ್ ಎಂಬ ಸೇನೆಯ ನಿವೃತ್ತ ಜಮಾದಾರ ಮದುವೆ ಮನೆಯಲ್ಲಿ ಕುಡಿದು ಬಂದು, ಜಾಗ ಬಿಡಲಿಲ್ಲ ಅಂತ ಒಬ್ಬ ಹುಡುಗನಿಗೆ ಗುಂಡು ಹೊಡೆದಿದ್ದ. ನಡೆಯಲು, ಮಾತಾಡಲು ಆಗುತ್ತಿತ್ತು, ಪ್ರಜ್ಞೆ ತಪ್ಪಿರಲಿಲ್ಲ ಅಂತ 1956ರಲ್ಲಿ ಸುಪ್ರೀಂ ಕೋರ್ಟ್ ಕೊಲೆ ಶಿಕ್ಷೆಯನ್ನೇ ಎತ್ತಿಹಿಡಿಯಿತು.

ಸಿಟ್ಟಿಗೆ ರಿಯಾಯಿತಿ ಇದೆ, ಷರತ್ತೂ ಇದೆ. ಕೆರಳಿಸಿದ್ದು ತೀವ್ರವಾಗಿರಬೇಕು, ದಿಢೀರ್ ಆಗಿರಬೇಕು, ತಾನೇ ಕೆಣಕಿ ತರಿಸಿಕೊಂಡಿದ್ದಾಗಿರಬಾರದು. ಮೂರು ವರ್ಷದಿಂದ ಎಳೆದಾಡುತ್ತಿರುವ ಅಗಳದ ತಕರಾರಿನಲ್ಲಿ "ಒಮ್ಮೆಲೇ ಸಿಟ್ಟು ಬಂತು" ಅಂತ ನಂಬಿಸುವುದು ಸುಲಭ ಅಲ್ಲ.

ಎಫ್‌ಐಆರ್‌ನ ಸೆಕ್ಷನ್ ತೀರ್ಪಲ್ಲ

ಊರಿನ ಚರ್ಚೆ ಹೆಚ್ಚು ದಾರಿ ತಪ್ಪುವುದು ಇಲ್ಲಿ. ಎಫ್‌ಐಆರ್‌ನಲ್ಲಿ 109 ಹಾಕಿದರು ಅಂತ ಒಂದು ಗುಂಪು ಗೆದ್ದ ಹಾಗೆ ಆಡುತ್ತದೆ. ಹಾಕಲಿಲ್ಲ ಅಂತ ಇನ್ನೊಂದು ಗುಂಪು ಠಾಣೆ ಮುಂದೆ ಕೂರುತ್ತದೆ. ಎಫ್‌ಐಆರ್ ಬರೆಯುವುದು ದೂರಿನಲ್ಲಿ ಹೇಳಿದ್ದನ್ನು ನೋಡಿ. ತನಿಖೆಯಲ್ಲಿ ಸೆಕ್ಷನ್ ಸೇರುತ್ತದೆ, ಬಿಡುತ್ತದೆ. ಆಮೇಲೆ ಚಾರ್ಜ್‌ಶೀಟ್, ಆಮೇಲೆ ಕೋರ್ಟ್ ದೋಷಾರೋಪ ಹೊರಿಸುವುದು. ಎಷ್ಟೋ ದಿನ ಆದಮೇಲೆ ತೀರ್ಪು.

ಇದರ ಜೊತೆ ನಮ್ಮ ಕಡೆಯ ಇನ್ನೊಂದು ಅಭ್ಯಾಸ ಇದೆ. ಹೊಡೆದವನು ಒಬ್ಬ, ದೂರಿನಲ್ಲಿ ಅವನ ತಮ್ಮ, ಮಗ, ಭಾವ ಎಲ್ಲರ ಹೆಸರೂ ಇರುತ್ತದೆ. ಅಲ್ಲಿಗೆ 3ನೇ ಸೆಕ್ಷನ್ನಿನ ಸಮಾನ ಉದ್ದೇಶ, ಅಂದರೆ ಎಲ್ಲರೂ ಒಂದೇ ಉದ್ದೇಶದಿಂದ ಮಾಡಿದರು ಅನ್ನುವ ಆರೋಪ, ಬಂದು ಕೂರುತ್ತದೆ. ಮಾರನೇ ದಿನ ಆ ಕಡೆಯಿಂದ ಕೌಂಟರ್ ಕೇಸ್. ಗುಂಪಾಗಿ ಬಂದು ಹೊಡೆದದ್ದು ನಿಜವಿದ್ದರೆ ಕಾನೂನು ಸುಮ್ಮನೆ ಬಿಡಬಾರದು. ಜಾತಿ, ಭಾಷೆ, ನಂಬಿಕೆ ನೋಡಿ ಐದು ಅಥವಾ ಹೆಚ್ಚು ಜನ ಸೇರಿ ತೀವ್ರ ಗಾಯ ಮಾಡಿದರೆ ಅದಕ್ಕೆಂದೇ 117ರಲ್ಲಿ ಹೊಸ ಉಪವಿಧಿ ಬಂದಿದೆ. ಆದರೆ ಮನೆಯಲ್ಲಿದ್ದವರನ್ನೂ ಎಳೆದು ಹಾಕಿದರೆ ಕೊನೆಗೆ ನಷ್ಟ ಏಟು ತಿಂದವನಿಗೇ. ತಮ್ಮ ಆ ದಿನ ಕುಮಟೆಯಲ್ಲಿದ್ದ ಅಂತ ಒಂದು ಬಸ್ ಟಿಕೆಟ್ ಸಿಕ್ಕರೆ ಸಾಕು, ಉಳಿದ ಹೇಳಿಕೆಯ ಮೇಲೂ ಸಂಶಯ ಬರುತ್ತದೆ.

ಎಷ್ಟಾದರೆ ಸರಿ?

ಕಾನೂನು ಮೇಲಿನ ಮಿತಿ ಹೇಳುತ್ತದೆ, ಕೆಲವು ಕಡೆ ಕೆಳಗಿನದನ್ನೂ. ನಡುವಿನ ಜಾಗ ನ್ಯಾಯಾಧೀಶರಿಗೆ ಬಿಟ್ಟದ್ದು. ತಪ್ಪಿತಸ್ಥ ಅಂತ ತೀರ್ಮಾನವಾದ ಮೇಲೆ ಶಿಕ್ಷೆಯ ಬಗ್ಗೆಯೇ ಪ್ರತ್ಯೇಕ ವಾದ ಕೇಳುತ್ತಾರೆ. ವಯಸ್ಸು, ಹಿಂದಿನ ನಡತೆ, ಮೊದಲ ಅಪರಾಧವೋ, ಪೆಟ್ಟು ತಿಂದವನ ಸ್ಥಿತಿ ಏನು, ಇವೆಲ್ಲ ಬರುತ್ತವೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ, ಜೀವಾವಧಿಯಂಥ ಶಿಕ್ಷೆ ಇಲ್ಲದ ಅಪರಾಧಗಳಲ್ಲಿ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದಕ್ಕೂ ದಾರಿ ಇದೆ. ಹೊಸ ಸಂಹಿತೆಯಲ್ಲಿ ಬಂದ ಸಮುದಾಯ ಸೇವೆಯ ಶಿಕ್ಷೆ ಹಲ್ಲೆಗೆ ಅನ್ವಯಿಸುವುದಿಲ್ಲ, ಅದು ಕೆಲವೇ ಸಣ್ಣ ಅಪರಾಧಗಳಿಗೆ ಮಾತ್ರ.

ನ್ಯಾಯಾಧೀಶರೇ ಎಷ್ಟು ಬೇರೆ ಬೇರೆ ಯೋಚನೆ ಮಾಡಬಹುದು ಅನ್ನುವುದಕ್ಕೆ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಪ್ರಕರಣ ನೋಡಿ. 1988ರ ಡಿಸೆಂಬರ್‌ನಲ್ಲಿ ಪಟಿಯಾಲದ ರಸ್ತೆಯಲ್ಲಿ ಗಾಡಿ ವಿಷಯಕ್ಕೆ ಜಗಳ. ಕೈಯಿಂದ ಬಿದ್ದ ಏಟು. 65 ವರ್ಷದ ಒಬ್ಬರು ತೀರಿಕೊಂಡರು. ಕೆಳಗಿನ ಕೋರ್ಟ್ 1999ರಲ್ಲಿ ಬಿಡುಗಡೆ ಮಾಡಿತು. ಹೈಕೋರ್ಟ್ 2006ರಲ್ಲಿ 3 ವರ್ಷ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಾದಾ ಗಾಯಕ್ಕೆ ಇಳಿಸಿ 1,000 ರೂಪಾಯಿ ದಂಡ ಹಾಕಿತು. 2022ರ ಮೇ ತಿಂಗಳಲ್ಲಿ ಮರುಪರಿಶೀಲನೆ ಮಾಡಿ, ಅದೇ ಸಾದಾ ಗಾಯದ ಸೆಕ್ಷನ್ನಿನಲ್ಲಿ ಕೊಡಬಹುದಾದ ಗರಿಷ್ಠ ಶಿಕ್ಷೆ, ಅಂದರೆ 1 ವರ್ಷ ಜೈಲು ಕೊಟ್ಟಿತು. ಕುಸ್ತಿಪಟು, ಬಾಕ್ಸರ್, ಕ್ರಿಕೆಟಿಗನಂಥ ಗಟ್ಟಿಮುಟ್ಟಾದವನ ಕೈಯೇ ಆಯುಧ ಆಗಬಹುದು ಅಂತ ಹೇಳಿತು. ಸೆಕ್ಷನ್ ಬದಲಾಗಲಿಲ್ಲ, ಉದ್ದೇಶದ ಬಗ್ಗೆ ಹೊಸ ಸಾಕ್ಷಿ ಬರಲಿಲ್ಲ. ಹೊಡೆದವನ ಬಲ, ಏಟು ತಿಂದವರ ವಯಸ್ಸು ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ದಂಡ ಸಾಲದು ಅನ್ನಿಸಿತು. 33 ವರ್ಷ ದಾಟಿದ ನಂತರ.

ರಾಜಿ ಮಾಡಿಕೊಳ್ಳುವುದು ಹಳ್ಳಿಯಲ್ಲಿ ಯಾವಾಗಲೂ ಬರುವ ಮಾತು. ಸಾದಾ ಗಾಯದ ಕೇಸನ್ನು ಏಟು ತಿಂದವನು ರಾಜಿ ಮಾಡಿಕೊಳ್ಳಬಹುದು. ಆಯುಧ ಇಲ್ಲದ ಬರೀ ತೀವ್ರ ಗಾಯಕ್ಕೆ ಕೋರ್ಟಿನ ಅನುಮತಿ ಬೇಕು. ಕೊಲೆ ಯತ್ನಕ್ಕೆ ರಾಜಿ ಇಲ್ಲ. ಕೇಸು ರದ್ದು ಮಾಡಿ ಅಂತ ಹೈಕೋರ್ಟಿಗೆ, ನಮ್ಮ ಉತ್ತರ ಕನ್ನಡ ಜಿಲ್ಲೆಯವರಾದರೆ ಧಾರವಾಡ ಪೀಠಕ್ಕೆ, ಹೋಗಬೇಕು. ಅಲ್ಲಿ ಸಹ ಎಫ್‌ಐಆರ್‌ನ ನಂಬರಿನ ಮೇಲೆ ತೀರ್ಮಾನ ಆಗುವುದಿಲ್ಲ. ಗಾಯ ಎಲ್ಲಿಗೆ, ಆಯುಧ ಏನು, ಆ ಸೆಕ್ಷನ್ ನಿಜವಾಗಿ ನಿಲ್ಲುತ್ತದಾ ಅಂತ ನೋಡಬೇಕು ಅಂತ ಲಕ್ಷ್ಮೀ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ರಾಜಿಯ ಬಗ್ಗೆ ನನಗಿರುವ ಒಂದೇ ತಕರಾರು, ಸಾಮಾನ್ಯವಾಗಿ ಬಗ್ಗುವವನು ಏಟು ತಿಂದವನೇ. ಮರುದಿನ ಅದೇ ದಾರಿಯಲ್ಲಿ ಓಡಾಡಬೇಕಲ್ಲ.

ಹತ್ತು ವರ್ಷವೋ ಒಂದು ವರ್ಷವೋ ಅಂತ ಜಗಳ ಆಡುವಾಗ ಎರಡೂ ಗುಂಪು ಮರೆಯುವುದು ನಮ್ಮ ಕೊನೆಗೌಡನನ್ನು. ಮದ್ದು ಹೊಡೆಯುವ ಹೊತ್ತು ಹೋಯಿತು. ಭುಜ ಸರಿಯಾಗಿ ಕೂಡದಿದ್ದರೆ ಕೊನೆ ಕೊಯ್ಲೂ ಹೋಯಿತು. ಮೇಲಿನ ತೋಟದವನು ಎಷ್ಟು ವರ್ಷ ಜೈಲಲ್ಲಿದ್ದರೂ ಇವನ ಮನೆಗೆ ಅಕ್ಕಿ ಬರುವುದಿಲ್ಲ. ನಾಯಿ ಬೊಗಳಿದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿದೆ: ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಪರಿಹಾರದ ಪ್ರಶ್ನೆಗೆ ಕೋರ್ಟ್ ಮನಸ್ಸು ಕೊಡಲೇಬೇಕು, ಕೊಟ್ಟರೂ ಕೊಡದಿದ್ದರೂ ಕಾರಣ ಬರೆಯಬೇಕು. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಸೆಕ್ಷನ್ ಪ್ರಕಾರ ದಂಡದ ಹಣದಿಂದ ಪರಿಹಾರ ಕೊಡಿಸಬಹುದು. ದಂಡ ಹಾಕದಿದ್ದರೂ ಆರೋಪಿ ಇಷ್ಟು ಕೊಡಬೇಕು ಅಂತ ಆದೇಶ ಮಾಡಬಹುದು. ಅದು ಸಾಲದಿದ್ದರೆ 396 ಇದೆ. ಕೋರ್ಟ್ ಶಿಫಾರಸು ಮಾಡಿದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಿ ಸರ್ಕಾರದ ನಿಧಿಯಿಂದ ಎಷ್ಟು ಕೊಡಬೇಕು ಅಂತ ತೀರ್ಮಾನಿಸಬೇಕು. ಆರೋಪಿ ಬಿಡುಗಡೆಯಾದರೂ ಈ ಶಿಫಾರಸು ಮಾಡಬಹುದು. ಆದರೆ ಸುಮ್ಮನೆ ಕೂತರೆ ಆಗುವುದಿಲ್ಲ, ಸರ್ಕಾರಿ ವಕೀಲರಿಗೆ ಹೇಳಿ ಕೇಳಿಸಬೇಕು. ಆಸ್ಪತ್ರೆ ಬಿಲ್ಲು, ಎಕ್ಸ್‌ರೇ, ಎಷ್ಟು ದಿನ ಮರ ಹತ್ತಲು ಆಗಲಿಲ್ಲ ಅನ್ನುವುದಕ್ಕೆ ಡಾಕ್ಟರ ಚೀಟಿ, ಕಳೆದ ವರ್ಷ ಯಾರ ಯಾರ ತೋಟಕ್ಕೆ ಮದ್ದು ಹೊಡೆದಿದ್ದ ಅನ್ನುವುದಕ್ಕೆ ಆ ತೋಟದವರ ಹೇಳಿಕೆ, ಇಷ್ಟನ್ನು ಮೊದಲ ವಾರದಿಂದಲೇ ಒಂದು ಫೈಲಿನಲ್ಲಿ ಹಾಕಿಟ್ಟುಕೊಂಡಿರಬೇಕು.